ಎಡಗಾಲಿಗೆ ಕೆಲಸವಿಲ್ಲದ ಗಾಡಿ

ನನ್ನ ಅಪ್ಪ ಲಾರಿ ಡ್ರೈವರ್. ಓದಿದ್ದು ನಾಲ್ಕನೇ ಕ್ಲಾಸು. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ಅಪ್ಪನ ಕಡೆಯಲ್ಲಾಗಲಿ ಅಮ್ಮನ ಕಡೆಯಲ್ಲಾಗಲಿ ನನಗಿಂತ ಮೊದಲು ಡಿಗ್ರಿ ಮಾಡಿದವರು ಒಬ್ಬರೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಓದಿಸಿದವನು ಅಪ್ಪ. ಹೊಡೆದವನೂ ಅಪ್ಪನೇ. ತಿಲಕ್ ನಗರದಲ್ಲಿ ನಮ್ಮದು ಒಂದೇ ಕೋಣೆಯ ಬಾಡಿಗೆ ಮನೆ. ಬಾಗಿಲ ಹಿಂದಿನ ಮೊಳೆಗೆ ಲಾರಿಯ ಹಳೆಯ ಫ್ಯಾನ್ ಬೆಲ್ಟ್ ನೇತಾಡುತ್ತಿತ್ತು. ಎಂಟನೇ ಕ್ಲಾಸಿನಲ್ಲಿ ನಾನು ಲೆಕ್ಕದಲ್ಲಿ ಫೇಲಾದ ದಿನ ಅದು ಕೆಳಗಿಳಿಯಿತು. ಬಿಡಿಸಲು ಬಂದ ಅಮ್ಮನ ಕೈಗೂ ಬಿತ್ತು. ಬಳೆ ಒಡೆದು ಅವಳ ಮಣಿಕಟ್ಟಿನಿಂದ ರಕ್ತ ಸೋರಿತು. ಅಪ್ಪ ನಿಲ್ಲಿಸಲಿಲ್ಲ.

"ಈ ಬೆಲ್ಟಿನ ಹಂಗೆ ಸುತ್ತಿದ್ದೇ ಸುತ್ತಿದೀನಿ ಕಣೋ ನಾನು. ನೀನೂ ಸುತ್ಬೇಕಾ? ಬೊಗಳು, ಸುತ್ಬೇಕಾ?"

ಮಾರನೆಯ ಸಂಜೆ ಅದೇ ಕೈಯಲ್ಲಿ ನನ್ನನ್ನು ಹಿಡಿದುಕೊಂಡು ಹೋಗಿ ಜಯನಗರದ ಟ್ಯೂಷನ್ನಿಗೆ ಸೇರಿಸಿದ. ಕೂತರೆ ಬೆನ್ನು ಬೆಂಚಿಗೆ ತಾಗಿ ಉರಿಯುತ್ತಿತ್ತು. ಹೊಡೆತದಿಂದ ಓದಿದೆ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಹೊಡೆತ ತಿಂದೂ ಓದಿದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಜೆ.ಪಿ. ನಗರದ ಆಚೆ ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟ್ ಏಳುತ್ತಿದ್ದವು. ಕನಕಪುರ ರಸ್ತೆಯಲ್ಲಿ ಊರಾಚೆ ಒಂದು ಕಾಂಕ್ರೀಟ್ ಪ್ಲಾಂಟ್ ಇತ್ತು. ಅಲ್ಲಿ ಕಲಸಿದ ಕಾಂಕ್ರೀಟನ್ನು ಬೆನ್ನ ಮೇಲಿನ ಡ್ರಮ್ಮಿನಲ್ಲಿ ತಿರುಗಿಸುತ್ತಲೇ ಸೈಟಿಗೆ ಒಯ್ಯುವ ಮಿಕ್ಸರ್ ಲಾರಿಗಳಿಗೆ ಅಪ್ಪ ಡ್ರೈವರ್ ಆಗಿದ್ದ. ನಾನು ಅದೇ ಪ್ಲಾಂಟಿಗೆ ಗಾಡಿಗಳ ಮೇಂಟೆನೆನ್ಸ್ ಇಂಜಿನಿಯರ್ ಆಗಿ ಸೇರಿದೆ. ಮನೆಯಲ್ಲಿ ಅವನು ಕೂಗಿದರೆ ನಾನು ಎದ್ದು ನಿಲ್ಲಬೇಕು. ಪ್ಲಾಂಟಿನಲ್ಲಿ ನಾನು ಹೇಳಿದ್ದನ್ನು ಅವನು ಕೇಳಬೇಕು. ಇದು ಸಲೀಸಾಗಿ ನಡೆಯುತ್ತದೆ ಎಂದು ನಾವಿಬ್ಬರೂ ಅಂದುಕೊಂಡಿರಲಿಲ್ಲ.

ಓನರ್ ಹೊರದೇಶದಿಂದ ಒಂದು ಹಳೆಯ ಮಿಕ್ಸರ್ ತರಿಸಿದರು. ಅದಕ್ಕೆ ಕ್ಲಚ್ ಇರಲಿಲ್ಲ. ಗೇರು ತಾನೇ ಬೀಳುತ್ತಿತ್ತು. ಆ ಕಾಲದಲ್ಲಿ ನಮ್ಮ ಕಡೆ ಅಂಥ ಲಾರಿಯನ್ನು ಕಂಡವರೇ ಇರಲಿಲ್ಲ. ಸೀನಿಯರ್ ಎಂದು ಅಪ್ಪನಿಗೇ ಕೊಟ್ಟರು. ಮೊದಲ ದಿನ ಅವನ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿ ಬ್ರೇಕಿನ ಮೇಲೆ ಕೂತಿತು. ಗಾಡಿ ಮುಗ್ಗರಿಸಿ ನಿಂತು ಅವನ ಹಣೆ ಸ್ಟೇರಿಂಗಿಗೆ ಬಡಿಯಿತು. ಉಳಿದ ಡ್ರೈವರುಗಳು ಬಿದ್ದು ಬಿದ್ದು ನಕ್ಕರು.

"ಗುರುಗಳೇ, ಎಡಗಾಲ್ನ ಮನೇಲೇ ಬಿಟ್ಬನ್ನಿ!"

"ನಿಮ್ಮಜ್ಜಿ ಗಾಡಿ ಕಣ್ರೋ ಇದು, ಒಂಟಿಕಾಲಿಂದು," ಎಂದ ಅಪ್ಪ. ಹಣೆಯ ರಕ್ತವನ್ನು ಒರೆಸಿಕೊಳ್ಳಲೂ ಇಲ್ಲ.

ಎಡಗಾಲನ್ನು ಸೀಟಿನ ಕೆಳಗೆ ಮಡಿಸಿಟ್ಟುಕೊಳ್ಳುವುದನ್ನು ಅವನು ಬೇಗ ಕಲಿತ. ಗಾಡಿ ನಿಂತಾಗ ಗೇರನ್ನು ನ್ಯೂಟ್ರಲ್ಲಿಗೆ ಹಾಕುವುದನ್ನು ಮಾತ್ರ ಕಲಿಯಲಿಲ್ಲ. ಕಲಿಯಲಿಲ್ಲ ಎನ್ನುವುದಕ್ಕಿಂತ, ಒಪ್ಪಲಿಲ್ಲ. ಜಾಮಿನಲ್ಲಿ ನಿಂತರೂ ಗೇರು ಮುಂದಕ್ಕೇ, ಕಾಲು ಬ್ರೇಕಿನ ಮೇಲೆ. ಎಷ್ಟು ಹೊತ್ತಾದರೂ ಹಾಗೇ.

ಅದಕ್ಕೆ ಕಾರಣವಿತ್ತು, ಅಮ್ಮನಿಂದ ನನಗೆ ಗೊತ್ತಾಗಿತ್ತು. ನಾನು ಹುಟ್ಟುವ ಮೊದಲು ಒಂದು ಘಾಟಿಯಲ್ಲಿ ಅಪ್ಪನೂ ಅವನ ಜೊತೆ ಡ್ರೈವರೂ ಟೀ ಕುಡಿಯಲು ಲಾರಿ ನಿಲ್ಲಿಸಿದ್ದರು. ಆಗ ಸ್ಟೇರಿಂಗ್ ಹಿಡಿದಿದ್ದ ಆ ಜೊತೆಯವನು ಗೇರಿಂದ ತೆಗೆದು, ಇಳಿದು ಗಾಲಿಗೆ ಕಲ್ಲು ಕೊಟ್ಟಿದ್ದ. ಕಲ್ಲು ಜಾರಿತು. ಹಿಂದೆ ನಿಂತು ಉಚ್ಚೆ ಹೊಯ್ಯುತ್ತಿದ್ದ ಅವನನ್ನೇ ಲಾರಿ ತಡೆಗೋಡೆಗೆ ಒತ್ತಿ ಅರೆಯಿತು. ಲಾರಿಯನ್ನು ಮುಂದಕ್ಕೆ ತೆಗೆದವನು ಅಪ್ಪ. ಗೋಡೆಗೆ ಅಂಟಿದ್ದನ್ನು ಬಿಡಿಸಿದವನೂ ಅಪ್ಪ. ಅಂದಿನಿಂದ ಅವನು ಯಾವ ಗಾಡಿಯನ್ನೂ ಗೇರಿಂದ ತೆಗೆದು ನಿಲ್ಲಿಸಲಿಲ್ಲ. "ಗೇರಲ್ಲಿರೋ ಗಾಡಿ ಮಾತ್ರ ನಮ್ ಮಾತ್ ಕೇಳೋದು. ನ್ಯೂಟ್ರಲ್ಲಲ್ಲಿರೋದು ಯಾರಪ್ಪಂದೂ ಅಲ್ಲ," ಎನ್ನುತ್ತಿದ್ದ.

ಹ್ಯಾಂಡ್ ಗೇರಿನ ಗಾಡಿಗೆ ಈ ಮಾತು ಸರಿ. ಇಂಜಿನ್ ಆಫ್ ಮಾಡಿ ಗೇರಲ್ಲಿ ಬಿಟ್ಟರೆ ಇಂಜಿನ್ನೇ ಗಾಲಿಯನ್ನು ಹಿಡಿದಿರುತ್ತದೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಇಂಜಿನ್ ಓಡುತ್ತಿದ್ದರೆ ಎಲ್ಲ ತಲೆಕೆಳಗು. ಅಲ್ಲಿ ಗೇರು ಹಿಡಿಯುವುದಿಲ್ಲ, ತಳ್ಳುತ್ತದೆ. ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಎಣ್ಣೆ ತುಂಬಿದ ಒಂದು ಬುರುಡೆಯಿದೆ. ಗಾಡಿ ಗೇರಲ್ಲಿದ್ದು ನಾವು ಬ್ರೇಕ್ ಒತ್ತಿ ನಿಂತರೆ ಇಂಜಿನ್ ಆ ಎಣ್ಣೆಯನ್ನು ಸುಮ್ಮನೆ ಕಡೆಯುತ್ತಿರುತ್ತದೆ. ಎರಡು ಅಂಗೈ ಉಜ್ಜಿದ ಹಾಗೆ, ಆ ಕಡೆತವೆಲ್ಲ ಬಿಸಿಯಾಗುತ್ತದೆ. ಆ ಬಿಸಿ ರೇಡಿಯೇಟರಿನ ನೀರಿಗೆ ಹತ್ತುತ್ತದೆ. ಕಡೆಗೆ ಎರಡೂ ಕುದಿಯುತ್ತವೆ.

ಆ ಗಾಡಿ ಒಂದು ಸಲ ಬನಶಂಕರಿಯ ಹತ್ತಿರ ಕುದಿಯಿತು. ಇನ್ನೊಂದು ಸಲ ಬಿಟಿಎಂ ಲೇಔಟಿನಲ್ಲಿ. ಎರಡನೇ ಸಲ ಓನರ್ ನನ್ನನ್ನು ಒಳಗೆ ಕರೆದರು.

"ಇನ್ನೊಂದ್ ಸಲ ಕುದೀತು ಅಂದ್ರೆ ನಿಮ್ ತಂದೇನ ಮನೇಗ್ ಕಳಿಸ್ಬೇಕಾಗತ್ತೆ. ನಾನ್ ಹೇಳಲ್ಲ. ನೀವೇ ಹೇಳ್ಬೇಕು."

ಹೊರಗೆ ಬಂದು ಡ್ರೈವರುಗಳೆಲ್ಲರ ಎದುರಿಗೇ ಹೇಳಿದೆ: "ಅಪ್ಪಾ, ನಿಂತ ತಕ್ಷಣ ನ್ಯೂಟ್ರಲ್ ಹಾಕು. ಪಾರ್ಕಿಂಗ್ ಬ್ರೇಕ್ ಎಳಿ. ಕೈ ಆಕ್ಸಿಲರೇಟರ್ ಸ್ವಲ್ಪ ಎತ್ತು, ಫ್ಯಾನು, ನೀರಿನ ಪಂಪು ಜೋರಾಗ್ ತಿರುಗ್ಲಿ. ಮುಂದಿನ ಗಾಡಿ ಬಾಲಕ್ಕೆ ಅಂಟ್ಕೊಂಡ್ ನಿಲ್ಬೇಡ, ಅದರ ಹೊಗೆ ಬಿಸಿಯೆಲ್ಲ ನಮ್ ರೇಡಿಯೇಟರಿಗೆ ಬರತ್ತೆ. ಆದ್ರೂ ಟೆಂಪರೇಚರ್ ಮುಳ್ಳು ಏರಿದ್ರೆ ಕ್ಯಾಬಿನ್ನಿನ ಹೀಟರ್ ಹಾಕು. ಇಂಜಿನ್ ಬಿಸೀನ ಅದು ಒಳಗೆಳ್ಕೊಳತ್ತೆ."

"ಈ ಬಿಸಿಲಲ್ಲಿ ಹೀಟರ್ರಾ?" ಎಂದ ಒಬ್ಬ. ಎಲ್ಲರೂ ನಕ್ಕರು.

"ನಿಮ್ ತಲೆ ಮೇಲೊಂದು ರೊಟ್ಟೀನೂ ಬೇಯಿಸ್ಕೊಳಿ ಗುರುಗಳೇ," ಎಂದ ಇನ್ನೊಬ್ಬ.

ಅಪ್ಪ ನಗಲಿಲ್ಲ. "ನ್ಯೂಟ್ರಲ್ ಹಾಕಲ್ಲ," ಎಂದ.

"ಹಾಕ್ಲೇಬೇಕು. ಇಲ್ಲಾಂದ್ರೆ ಗಾಡಿಯಿಂದ ಇಳಿ."

ಕೆನ್ನೆಗೆ ಬಿತ್ತು. ನನ್ನ ಕನ್ನಡಕ ಹಾರಿ ಜಲ್ಲಿಯ ರಾಶಿಯ ಮೇಲೆ ಬಿತ್ತು. ಇಪ್ಪತ್ತಾರು ವರ್ಷದ ಇಂಜಿನಿಯರ್ ನಾನು. ಕೈ ಎತ್ತಲಿಲ್ಲ. ಕನ್ನಡಕ ಹುಡುಕಿ ಹಾಕಿಕೊಂಡು, "ನಾಳೆಯಿಂದ ನಾನೂ ಜೊತೇಲ್ ಬರ್ತೀನಿ," ಎಂದೆ.

ಅವನ ವಯಸ್ಸಿಗೆ ಬೇರೆ ಯಾರೂ ಕೆಲಸ ಕೊಡುತ್ತಿರಲಿಲ್ಲ. ಸ್ಟೇರಿಂಗ್ ಹಿಡಿಯದ ಅಪ್ಪ ಮನೆಯಲ್ಲಿ ಕೂತರೆ ಮೊಳೆಯ ಮೇಲಿನ ಬೆಲ್ಟು ಯಾರ ಮೇಲೆ ಇಳಿಯುತ್ತದೆಂದು ನನಗೆ ಗೊತ್ತಿತ್ತು. ನಾನು ಅವನ ಪಕ್ಕದಲ್ಲಿ ಕೂತದ್ದು ಅದಕ್ಕೇ.

ಅದಾದ ಕೆಲವೇ ದಿನಕ್ಕೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಡ್ರಮ್ ತುಂಬ ಕಾಂಕ್ರೀಟ್ ಹಾಕಿಕೊಂಡು ಜೆ.ಪಿ. ನಗರದ ಸೈಟಿಗೆ ಹೊರಟೆವು. ಜರಗನಹಳ್ಳಿಯ ಹತ್ತಿರ ಬರುವ ಹೊತ್ತಿಗೆ ರಸ್ತೆ ನಿಂತುಹೋಗಿತ್ತು. ಎದುರಿಗಿದ್ದ ಕಾರುಗಳು, ಬೈಕುಗಳು ಅಡ್ಡರಸ್ತೆಗೆ ನುಗ್ಗಿ ಜಾಗ ಖಾಲಿ ಮಾಡಿದವು. ಕಡೆಗೆ ನಮಗೂ ಅಲ್ಲಿ ನಡೆದದ್ದಕ್ಕೂ ನಡುವೆ ಏನೂ ಉಳಿಯಲಿಲ್ಲ.

ಒಂದು ಟಿಪ್ಪರ್ ಊರಿನ ಒಬ್ಬನ ಮೇಲೆ ಹರಿದಿತ್ತು. ಮೊಪೆಡ್ಡಿನಲ್ಲಿ ಹಾಲು ಹಾಕುತ್ತಿದ್ದವನು. ಕ್ಯಾನು ಚಪ್ಪಟೆಯಾಗಿ, ಟಾರಿನ ಮೇಲೆ ಹಾಲೂ ರಕ್ತವೂ ಬೆರೆತು ಹರಿದಿದ್ದವು. ತಲೆಯ ಮೇಲೆ ಯಾರೋ ಟವೆಲ್ ಹೊದಿಸಿದ್ದರು. ಅದರ ಕೆಳಗೆ ತಲೆಯ ಆಕಾರವಿರಲಿಲ್ಲ. ಟಿಪ್ಪರಿನ ಡ್ರೈವರ್ ಓಡಿಹೋಗಿದ್ದ. ಹೆಣದ ಸುತ್ತ ಹೆಂಗಸರು ರಸ್ತೆಯಲ್ಲೇ ಕೂತು ಎದೆ ಬಡಿದುಕೊಳ್ಳುತ್ತಿದ್ದರು. ಗಂಡಸರು ಸಿಕ್ಕ ದೊಡ್ಡ ಗಾಡಿಗಳ ಗಾಜು ಪುಡಿ ಮಾಡುತ್ತಿದ್ದರು. ನಮ್ಮ ಹಿಂದಿದ್ದ ಬಸ್ಸಿನ ಡ್ರೈವರ್ ಜಿಗಿದು ಓಡಿದ. ಅವನ ಹಿಂದಿನ ಇಟ್ಟಿಗೆ ಲಾರಿಯವನೂ ಓಡಿದ. ಆಕ್ಸಿಡೆಂಟ್ ಆದ ಕಡೆ ಯಾವ ಡ್ರೈವರೂ ನಿಲ್ಲುವುದಿಲ್ಲ. ತಪ್ಪು ಯಾರದೆಂದು ಕೇಳುವವರು ಅಲ್ಲಿರುವುದಿಲ್ಲ.

ನಮ್ಮ ಗಾಡಿ ನಿಂತ ಜಾಗ ಸ್ವಲ್ಪ ಇಳಿಜಾರು. ಇಳಿಜಾರಿನ ತುದಿಗೆ ಆ ಹೆಂಗಸರು.

"ಅಪ್ಪಾ, ನ್ಯೂಟ್ರಲ್ ಹಾಕು. ಬ್ರೇಕ್ ಎಳಿ. ಓಡಣ."

"ಓಡಿದ್ರೆ ಇದನ್ನ ಯಾರ್ ಹಿಡ್ಕೊತಾರೋ? ಮುಂದ್ಗಡೆ ನೋಡು, ಹೆಂಗಸ್ರು."

"ಪಾರ್ಕಿಂಗ್ ಬ್ರೇಕ್ ಹಿಡ್ಕೊಳತ್ತೆ. ಗಾಳಿ ಹೋದಷ್ಟೂ ಬಿಗಿಯಾಗೋ ಬ್ರೇಕ್ ಅದು."

"ಆ ಕಲ್ಲೂ ಹಿಡ್ಕೊಂಡಿತ್ತು," ಎಂದ ಅಪ್ಪ.

ಯಾವ ಕಲ್ಲು ಎಂದು ನಾನು ಕೇಳಬೇಕಾಗಿರಲಿಲ್ಲ. ಅವನ ಕಾಲು ಬ್ರೇಕಿನ ಮೇಲೆ ಬಿಗಿಯಾಗಿತ್ತು. ಗೇರು ಮುಂದಕ್ಕೇ ಇತ್ತು. ಎಣ್ಣೆಯ ಬಿಸಿ ತೋರಿಸುವ ಮುಳ್ಳು ಅರ್ಧ ದಾಟಿ ಮೇಲಕ್ಕೆ ಹೊರಟಿತ್ತು. ಇಂಜಿನ್ ಆಫ್ ಮಾಡುವ ಹಾಗೂ ಇಲ್ಲ. ಮಾಡಿದರೆ ಡ್ರಮ್ ನಿಲ್ಲುತ್ತದೆ, ಆ ಬಿಸಿಲಿಗೆ ಒಳಗಿನ ಕಾಂಕ್ರೀಟ್ ಗಟ್ಟಿಯಾಗಿ ಕಲ್ಲಾಗುತ್ತದೆ. ನಾನು ಕೈ ಚಾಚಿ ಹೀಟರ್ ಹಾಕಿದೆ. ಕಲ್ಲಿಗೆ ಹೆದರಿ ಗಾಜು ಏರಿಸಿಕೊಂಡಿದ್ದೆವು. ಬಿಸಿಗಾಳಿ ಮುಖಕ್ಕೆ ರಾಚಿತು. ಅಪ್ಪ ಬೆವರಿನಲ್ಲಿ ತೊಯ್ದುಹೋದ, ಆದರೆ ಹೀಟರ್ ಆರಿಸಲಿಲ್ಲ. ನನ್ನ ಮಾತಿನಲ್ಲಿ ಅಷ್ಟನ್ನು ಮಾತ್ರ ಒಪ್ಪಿದ.

ಮೊದಲ ಕಲ್ಲು ಮುಂದಿನ ಗಾಜಿಗೆ ಬಿತ್ತು. ಗಾಜು ಬಲೆಯ ಹಾಗೆ ಬಿರುಕುಬಿಟ್ಟಿತು. ಎರಡನೆಯದು ಅದನ್ನು ಸೀಳಿಕೊಂಡು ಬಂದು ಅಪ್ಪನ ಹುಬ್ಬಿಗೆ ತಾಗಿತು. ರಕ್ತ ಕಣ್ಣಿಗಿಳಿಯಿತು.

"ಇಂಜಿನ್ ಆಫ್ ಮಾಡೋ ಲೇಯ್! ಹೆಣ ಬಿದ್ದೈತೆ ಇಲ್ಲಿ, ನಿನ್ ಮಿಶಿನ್ನು ಬಡ್ಕಂತೈತಲ್ಲೋ!"

"ಇಳಿಯೋ ಕೆಳಕ್ಕೆ, ಬೋಳಿಮಗನೇ!"

"ನಮ್ದಲ್ಲಣ್ಣಾ, ಹೊಡ್ದಿದ್ದು ನಮ್ ಗಾಡಿಯಲ್ಲ!" ಎಂದು ನಾನು ಕಿರುಚಿದೆ.

"ಎಲ್ಲಾ ಒಂದೇ ಕಣೋ! ನಮ್ ಜಮೀನ್ ಮ್ಯಾಲೆ ಮನೆ ಕಟ್ಟಕ್ಕೆ ನಮ್ಮುನ್ನೇ ತುಳ್ದ್ಕಂಡ್ ಹೋಯ್ತೀರಾ?"

ಕೈಯಲ್ಲಿ ಕಬ್ಬಿಣದ ರಾಡಿದ್ದ ಒಬ್ಬ ಯುವಕ ಮೆಟ್ಟಿಲು ಹತ್ತಿ ಅಪ್ಪನ ಕಡೆಯ ಗಾಜು ಒಡೆದ. ಒಳಗೆ ಕೈ ಹಾಕಿ ಕಾಲರ್ ಹಿಡಿದ. ಇನ್ನೊಬ್ಬ ಬಾಗಿಲು ಎಳೆದು ತೆರೆದು ಅಪ್ಪನ ತೋಳಿಗೆ ಜೋತುಬಿದ್ದ. ಅಪ್ಪ ಎರಡೂ ಕೈಯಲ್ಲಿ ಸ್ಟೇರಿಂಗ್ ತಬ್ಬಿಕೊಂಡ. ಮುಖ ಮುಚ್ಚಿಕೊಳ್ಳಲು ಅವನಿಗೆ ಕೈಯಿರಲಿಲ್ಲ. ರಾಡು ಕುತ್ತಿಗೆಗೆ ಬಿತ್ತು, ಭುಜಕ್ಕೆ ಬಿತ್ತು, ಕಿವಿಗೆ ಬಿತ್ತು. ಬಲಗಾಲು ಬ್ರೇಕ್ ಬಿಡಲಿಲ್ಲ. ಬಿಟ್ಟರೆ ಏನಾಗುತ್ತದೆಂದು ಆ ಕ್ಯಾಬಿನ್ನಿನಲ್ಲಿದ್ದ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಗೇರಲ್ಲಿದ್ದ ಗಾಡಿ ತಾನೇ ಮುಂದಕ್ಕೆ ಹೊರಡುತ್ತದೆ. ತುಂಬಿದ ಡ್ರಮ್ಮಿನ ಭಾರವೆಲ್ಲ ಆ ಹೆಂಗಸರ ಮೇಲೆ.

"ಎದ್ದೇಳ್ರೋ ಮುಂದಿಂದ!" ಎಂದು ಅಪ್ಪ ಕೂಗಿದ. ಬಾಯಿಂದ ರಕ್ತ ಚಿಮ್ಮಿತು. "ಹೆಂಗಸ್ರನ್ನ ಎಬ್ಬಿಸ್ರೋ! ಗಾಡಿ ಬಂದ್ಬಿಡತ್ತೆ!"

ಅವರಿಗೆ ಅದು ಬೆದರಿಕೆಯಾಗಿ ಕೇಳಿಸಿತು.

"ಹತ್ತಿಸ್ತೀಯೇನೋ? ಹೆಂಗಸ್ರ ಮ್ಯಾಲೆ ಹತ್ತಿಸ್ತೀಯಾ? ಹತ್ತಿಸೋ ನೋಡಣ!" ಅಲ್ಲಿಯವರೆಗೆ ದೂರ ನಿಂತಿದ್ದವರೂ ಈಗ ಬಂದರು. ಹೊಡೆತ ಇಮ್ಮಡಿಯಾಯಿತು.

ನಾನು ನಡುವಿನ ಇಂಜಿನ್ ಮುಚ್ಚಳದ ಮೇಲೆ ಬೋರಲು ಬಿದ್ದೆ. ಅದು ಕಾದ ಹೆಂಚಾಗಿತ್ತು, ಅಂಗೈ ಸುಟ್ಟಿತು. ಗೇರ್ ಹಿಡಿಯನ್ನು ಹಿಡಿದು ನ್ಯೂಟ್ರಲ್ಲಿಗೆ ಎಳೆದೆ. ಪಾರ್ಕಿಂಗ್ ಬ್ರೇಕಿನ ನಾಬ್ ಎಳೆದೆ. ಫುಸ್ಸೆಂದು ಗಾಳಿ ಹೋಯಿತು.

"ಕಾಲ್ ಬಿಡಪ್ಪಾ!"

"ಇಲ್ಲ!"

"ಬಿಡು! ಗಾಡಿ ನಿಂತಿದೆ! ನಾನ್ ಹೇಳ್ತಿದೀನಿ, ಬಿಡು!"

ಅವನು ನನ್ನ ಕಡೆ ತಿರುಗಿದ. ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು. ಇನ್ನೊಂದರಿಂದ ನೋಡಿದ. ಡಿಗ್ರಿ ಸರ್ಟಿಫಿಕೇಟ್ ತಂದು ಕೈಗಿಟ್ಟ ದಿನವೂ ಅವನು ನನ್ನನ್ನು ಹಾಗೆ ನೋಡಿರಲಿಲ್ಲ. ಆಮೇಲೆ ಕಾಲೆತ್ತಿದ.

ಗಾಡಿ ಅಲುಗಲಿಲ್ಲ.

ಕಾಲು ಬಿಟ್ಟ ಕೂಡಲೇ ಅವನ ಮೈಯಲ್ಲಿ ಹಿಡಿತ ಉಳಿಯಲಿಲ್ಲ. ಮೂಟೆಯ ಹಾಗೆ ಹೊರಗೆಳೆದರು. ಸೀಟಿನ ಕೆಳಗೆ ಮಡಿಸಿಟ್ಟಿದ್ದ ಎಡಗಾಲು ಕಡೆಗೆ ಬಂತು. ಅದು ಇನ್ನೂ ಬಾಗಿಲಲ್ಲಿರುವಾಗಲೇ ಯಾರೋ ಬಾಗಿಲನ್ನು ಒದ್ದರು. ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಪಾದದ ಗಂಟು ಮುರಿದ ಸದ್ದು, ಅಷ್ಟು ಗಲಾಟೆಯಲ್ಲೂ ನನಗೆ ಕೇಳಿಸಿತು.

ಕೈ ಆಕ್ಸಿಲರೇಟರನ್ನು ಸ್ವಲ್ಪ ಎತ್ತಿ, ನಾನು ಅವನ ಹಿಂದೆಯೇ ಜಿಗಿದೆ. ಅವನ ಮೇಲೆ ಮಲಗಿದೆ. ಬೆನ್ನಿನ ಮೇಲೆ ಕಾಲುಗಳು, ದೊಣ್ಣೆಗಳು. "ನಾನ್ ಇಂಜಿನಿಯರ್ ರೀ, ಹೇಳೋದ್ ಕೇಳ್ರಿ," ಎಂದೆ. ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಅದೇ.

"ಇಂಜಿನಿಯರಂತೆ! ಸಾಹೇಬ್ರಿಗೆ ಇನ್ನೆರಡು ಜಾಸ್ತಿ ಹಾಕ್ರೋ!"

ಕೆಳಗಿನಿಂದ ಎರಡು ಕೈ ಬಂದು ನನ್ನ ತಲೆಯನ್ನು ಸುತ್ತಿಕೊಂಡವು. ಆಮೇಲೆ ನನ್ನ ತಲೆಗೆ ಬೀಳಬೇಕಾದದ್ದೆಲ್ಲ ಆ ಕೈಗಳ ಮೇಲೆ ಬಿತ್ತು. ಮೇಲೆ ಡ್ರಮ್ ಗರಗರ ತಿರುಗುತ್ತಲೇ ಇತ್ತು. ಒಳಗೆ ಯಾರೂ ಇಲ್ಲದೆ, ಯಾರೂ ಹಿಡಿಯದೆ, ಗಾಡಿ ನಿಂತಲ್ಲೇ ನಿಂತಿತ್ತು.

ಪೊಲೀಸರು ಬಂದರು. ಲಾಠಿ ಬೀಸಿದರು. ಯಾರು ಹೊಡೆದವರು, ಯಾರು ತಿಂದವರು ಎಂದು ಲಾಠಿಗೆ ತಿಳಿಯುವುದಿಲ್ಲ. ನನಗೂ ಎರಡು ಬಿದ್ದವು. ಜನ ಚದುರಿದ ಮೇಲೆ ಒಬ್ಬ ಪೇದೆ ನನ್ನ ರಟ್ಟೆ ಹಿಡಿದೆಬ್ಬಿಸಿ, "ಯಾವನಯ್ಯಾ ಇದರ ಡ್ರೈವರು? ತಗಿ, ತಗಿ ರೋಡಿಂದ," ಎಂದ.

ಅಪ್ಪ ನೆಲದ ಮೇಲಿಂದಲೇ ಕೇಳಿದ: "ಕುದೀತಾ?"

ಹತ್ತಿ ನೋಡಿ ಬಂದೆ. "ಇಲ್ಲ. ಮುಳ್ಳು ಅರ್ಧಕ್ಕಿಳಿದಿದೆ."

"ಹಂಗಾರೆ ಒಯ್ದು ಸುರಿ."

"ಮೊದ್ಲು ಆಸ್ಪತ್ರೆ."

"ಆಸ್ಪತ್ರೆ ಎಲ್ಲೂ ಓಡೋಗಲ್ಲ. ಮಾಲು ಗಟ್ಟಿಯಾಗತ್ತೆ. ಎತ್ತು ನನ್ನ."

ಪೇದೆಯೂ ನಾನೂ ಸೇರಿ ಅವನನ್ನು ನಾನು ಕೂತಿದ್ದ ಸೀಟಿಗೆ ಎತ್ತಿ ಹಾಕಿದೆವು. ಪಾದ ಹಿಂದುಮುಂದಾಗಿ ನೇತಾಡುತ್ತಿತ್ತು. ನನಗೆ ಲೈಸೆನ್ಸ್ ಇತ್ತು, ಓಡಿಸಿದೆ. ಒಡೆದ ಗಾಜಿನೊಳಗಿಂದ ಗಾಳಿ ನುಗ್ಗುತ್ತಿತ್ತು. ಜೆ.ಪಿ. ನಗರದ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಬ್ರೇಕ್ ಒತ್ತಿ ನಿಂತೆ. ಗೇರು ನೆನಪಾಗಲಿಲ್ಲ. ಆಗ ಪಕ್ಕದಿಂದ ಬೆರಳು ಊದಿದ ಒಂದು ಕೈ ಬಂದು ಗೇರ್ ಹಿಡಿಯನ್ನು ನ್ಯೂಟ್ರಲ್ಲಿಗೆ ತಳ್ಳಿತು.

ಕಾಂಕ್ರೀಟ್ ಸುರಿದೆವು. ಇನ್ನೂ ಮೆತ್ತಗಿತ್ತು. ಆಮೇಲೆ ಆಸ್ಪತ್ರೆ.

ಪಾದದ ಗಂಟು ಸೊಟ್ಟಗೆ ಕೂಡಿಕೊಂಡಿತು. ಕ್ಲಚ್ ಒತ್ತುವ ಕಾಲು ಅದಲ್ಲ ಇನ್ನು ಎಂದು ಡಾಕ್ಟರು ಹೇಳಿದರು. ಹ್ಯಾಂಡ್ ಗೇರಿನ ಯಾವ ಲಾರಿಯನ್ನೂ ಅಪ್ಪ ಮತ್ತೆ ಓಡಿಸುವ ಹಾಗಿರಲಿಲ್ಲ. ಆ ಪ್ಲಾಂಟಿನಲ್ಲೇ ಏಕೆ, ನಮಗೆ ಗೊತ್ತಿದ್ದ ಬೆಂಗಳೂರಿನಲ್ಲೆಲ್ಲ ಅವನು ಓಡಿಸಬಹುದಾಗಿದ್ದ ಲಾರಿ ಅದೊಂದೇ. ಓನರ್ ಎದುರಿಗೆ ಹೋಗಿ ನಿಂತು, "ಗಾಡಿ ಕುದೀಲಿಲ್ಲ ಸಾರ್," ಎಂದೆ. ಅವರು ನನ್ನ ಮುಖದ ಹೊಲಿಗೆಗಳನ್ನು ನೋಡಿ, "ವಾಸಿ ಆದ್ಮೇಲೆ ಬರಕ್ಕೆ ಹೇಳಿ," ಎಂದರು. ಅಪ್ಪ ಕೋಲೂರಿಕೊಂಡು ಬಂದ. ಕೋಲನ್ನು ಸೀಟಿನ ಹಿಂದೆ ಸಿಕ್ಕಿಸಿ ಹತ್ತಿ ಕೂತ. ಆ ಗಾಡಿ ಗುಜರಿಗೆ ಹೋಗುವವರೆಗೂ ಅವನೇ ಓಡಿಸಿದ. ಮತ್ತೆ ಒಂದು ಸಲವೂ ಅದು ಕುದಿಯಲಿಲ್ಲ.

ಅವನು ರಜೆ ಹಾಕುವ ದಿನಕ್ಕೆಂದು ಇನ್ನೊಬ್ಬ ಡ್ರೈವರಿಗೆ ಆ ಗಾಡಿ ಕಲಿಸಬೇಕಾಯಿತು. ಅಪ್ಪನೇ ಪಕ್ಕದಲ್ಲಿ ಕೂತು ಕಲಿಸುತ್ತಿದ್ದ. ಒಮ್ಮೆ ನಾನು ಪ್ಲಾಂಟಿನ ಗೇಟಿನ ಹತ್ತಿರ ನಿಂತಿದ್ದೆ. ಗಾಡಿ ನಿಂತಿತು, ಗೇರು ನ್ಯೂಟ್ರಲ್ಲಿಗೆ ಬರಲಿಲ್ಲ. ಕ್ಯಾಬಿನ್ನಿನೊಳಗೆ ಛಟೀರೆಂದು ಸದ್ದಾಯಿತು. ಡ್ರೈವರ್ ತಲೆ ಸವರಿಕೊಳ್ಳುತ್ತಿದ್ದ.

ಇಳಿದ ಮೇಲೆ ಅಪ್ಪನನ್ನು ಪಕ್ಕಕ್ಕೆ ಕರೆದೆ. "ಹೊಡೀಬೇಡಪ್ಪಾ. ಹೊಡೆದ್ರೆ ಯಾರೂ ಕಲಿಯಲ್ಲ. ನಾನೂ ನಿನ್ನ ಬೆಲ್ಟಿಂದ ಕಲೀಲಿಲ್ಲ."

ಅವನು ಕೋಲನ್ನು ಜಲ್ಲಿಗೆ ಊರಿ, ಸೊಟ್ಟ ಪಾದವನ್ನು ನೇರ ಇಡಲು ನೋಡಿದ. ಅದು ನೇರವಾಗಲಿಲ್ಲ.

"ನಾನ್ ಕಲ್ತಿದ್ದು ಹಂಗೇ ಕಣೋ," ಎಂದ.